ಚಾಲೂ ಅದ, ಲೈಟ್ ಹತ್ತತದ

ನಮ್ಮ ಕಡೆ ‘ಚಾಲೂ’ ಅನ್ನುವ ಪದ ಬಹಳ ದುಡಿಯುತ್ತದೆ. ಸಿನಿಮಾ ಶುರುವಾದರೂ ಚಾಲೂ, ಮೋಟಾರು ತಿರುಗಿದರೂ ಚಾಲೂ, ಕೈಗೆ ಸಿಗದೆ ಜಾರಿಕೊಳ್ಳುವ ಮನುಷ್ಯನಿದ್ದರೆ ಅವನೂ ಚಾಲೂ. ಹಳೆಯ ರೇಡಿಯೋ ಅಳತೆ ಉಪಕರಣ ಮಾರುವವನ ಬಾಯಲ್ಲಿ ಈ ಪದ ಬಂದಾಗ ಮೂರೂ ಅರ್ಥ ಒಂದರ ಮೇಲೊಂದು ಕೂತಿರುತ್ತವೆ. ಗೋದಾಮಿನ ಮೂಲೆಯಿಂದ ಇಪ್ಪತ್ತು ಕಿಲೋದ ಬೂದುಬಣ್ಣದ ಪೆಟ್ಟಿಗೆಯೊಂದನ್ನು ಎಳೆದು ತರುತ್ತಾನೆ, ಅಂಗಿಯ ತೋಳಿನಿಂದ ಮೇಲಿನ ಧೂಳು ಒರೆಸುತ್ತಾನೆ, ಪ್ಲಗ್ ತೂರಿಸಿ ಗುಂಡಿ ಒತ್ತುತ್ತಾನೆ. ಫ್ಯಾನು ಗುಯ್ ಎನ್ನುತ್ತದೆ. ಕೆಂಪು ಅಂಕಿಗಳು ಹೊಳೆಯುತ್ತವೆ.

“ನೋಡ್ರಿ ಸರ, ಚಾಲೂ ಅದ. ಲೈಟ್ ಹತ್ತತದ.”

ಇಷ್ಟರಲ್ಲಿ ವ್ಯಾಪಾರ ಅರ್ಧ ಮುಗಿದಿರುತ್ತದೆ. ಈ ಒಂದು ವಾಕ್ಯದ ಬಗ್ಗೆ ನನಗೆ ತಕರಾರಿದೆ. ಅದರಲ್ಲಿ ಸುಳ್ಳಿಲ್ಲ, ಲೈಟು ನಿಜವಾಗಿಯೂ ಹತ್ತಿರುತ್ತದೆ. ತಕರಾರು ಇರುವುದು ಆ ವಾಕ್ಯ ಎಲ್ಲಿ ನಿಂತುಬಿಡುತ್ತದೆ ಅನ್ನುವುದರ ಬಗ್ಗೆ.

ಈ ಪೆಟ್ಟಿಗೆಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಸಿಗ್ನಲ್ ಜನರೇಟರ್ ಅಂದರೆ ನಾವು ಕೇಳಿದ ಫ್ರೀಕ್ವೆನ್ಸಿಯ, ಕೇಳಿದಷ್ಟೇ ಬಲದ ರೇಡಿಯೋ ಸಂಕೇತವನ್ನು ಹುಟ್ಟಿಸಿ ಕೊಡುವ ಯಂತ್ರ. ಸ್ಪೆಕ್ಟ್ರಮ್ ಅನಲೈಸರ್ ಒಳಗೆ ಬಂದ ಸಂಕೇತಗಳನ್ನು ಬಿಡಿಸಿ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲ ಎಂಬುದನ್ನು ಪರದೆಯ ಮೇಲೆ ಗುಡ್ಡ ತಗ್ಗುಗಳಾಗಿ ತೋರಿಸುತ್ತದೆ. ಪವರ್ ಮೀಟರ್ ಬಲವನ್ನಷ್ಟೇ ಅಳೆಯುತ್ತದೆ, ಕೌಂಟರ್ ಫ್ರೀಕ್ವೆನ್ಸಿಯನ್ನಷ್ಟೇ ಎಣಿಸುತ್ತದೆ. ಬೇರೆ ಯಂತ್ರ ನೆಟ್ಟಗಿದೆಯೋ ಇಲ್ಲವೋ ಎಂದು ಹೇಳುವುದೇ ಇವುಗಳ ಕಸುಬು. ಸಂತೆಯಲ್ಲಿ ತಕ್ಕಡಿ ಮಾಡುವ ಕೆಲಸ. ಹಳೆಯ ಟೀವಿ ಕೆಟ್ಟರೆ ಮನೆಯ ಮಕ್ಕಳಿಗೂ ಗೊತ್ತಾಗುತ್ತದೆ. ತಕ್ಕಡಿ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಆರಾಮಾಗಿ ತಪ್ಪು ತೂಕ ತೋರಿಸುತ್ತ ಕೂತಿರುತ್ತದೆ. ಹಳೆಯ ಟೀವಿ ಮಾರುವ ಮಾತಿನಲ್ಲೇ ಹಳೆಯ ತಕ್ಕಡಿಯನ್ನೂ ಮಾರುವುದು ಈ ವ್ಯಾಪಾರದ ಮೂಲ ದೋಷ.

ಕಲ್ಲು, ಸಿಮೆಂಟು, ಬಾಯ್ಲರುಗಳ ಶಹಾಬಾದದಲ್ಲಿ ಕೂತು ಮೆಗಾಹರ್ಟ್ಸ್ ಬಗ್ಗೆ ಯಾಕೆ ಬರೆಯುತ್ತಾನೆ ಇವನು ಅಂತ ಅನಿಸಬಹುದು. ಆದರೆ ರೇಡಿಯೋ ತರಂಗ ಈ ಸೀಮೆಗೆ ತೀರ ಹೊಸದೇನಲ್ಲ. ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ನಮ್ಮ ಮನೆಯ ರೇಡಿಯೋದ ಮುಳ್ಳು 1107 ಕಿಲೋಹರ್ಟ್ಸ್ ಹತ್ತಿರ ತಾನಾಗಿ ನಿಲ್ಲುವಷ್ಟು ಸವೆದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಬಂತಲ್ಲ, ಸೈಟ್ ಎಂದು ಹೆಸರಾದ ಪ್ರಯೋಗ, ಅದರಲ್ಲಿ ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಗುಲ್ಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ. ಮೂರು ಮೀಟರ್ ಅಗಲದ ಆಂಟೆನಾ. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವ ತಂತಿಜಾಲರಿ. ಅದರ ಕೆಳಗೆ ಹೈದರಾಬಾದಿನ ಇಸಿಐಎಲ್ ಟೀವಿ ಪೆಟ್ಟಿಗೆ. ಸಂಕೇತ ಇಳಿಯುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಮುಂದೆ 1977ರಲ್ಲಿ ಗುಲ್ಬರ್ಗಾದಲ್ಲೇ ದೂರದರ್ಶನದ ಟ್ರಾನ್ಸ್‌ಮಿಟರ್ ಎದ್ದಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಿಂದುಳಿದ ಜಿಲ್ಲೆ ಅನ್ನುವ ಮಾತು ಕೇಳಿದಾಗಲೆಲ್ಲ ಈ ನಾಲ್ಕು ವರ್ಷದ ಅಂತರವನ್ನು ನಾನು ಸುಮ್ಮನೆ ಒಮ್ಮೆ ನೆನಪಿಸುತ್ತೇನೆ, ಜಂಬಕ್ಕೆ.

ಪ್ರಸಾರ, ರೈಲ್ವೆ, ಟೆಲಿಫೋನು, ಪೊಲೀಸ್ ವೈರ್‌ಲೆಸ್: ಇಂಥ ಕೆಲಸ ನಡೆಯುವಲ್ಲೆಲ್ಲ ಅಳತೆಯ ಪೆಟ್ಟಿಗೆಗಳು ಬೇಕು. ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿಯವರು ಕಂಬ ಹತ್ತುವಾಗ ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ ಸಿಗ್ನಲ್ ಮೀಟರ್ ಕೂಡ ಇದೇ ಕುಲದ ಕಿರಿಯ ತಮ್ಮ. ಆಮೇಲೆ ಮೈಕ್ರೋವೇವ್ ಗೋಪುರಗಳ ಕೆಲಸವನ್ನು ನೆಲದೊಳಗಿನ ಫೈಬರ್ ಕಸಿದುಕೊಂಡಿತು. ಒಂದು ಕಾಲಕ್ಕೆ ಕಚೇರಿಯ ಬೀಗದೊಳಗೆ ಪೂಜೆಯ ಸಾಮಾನಿನಂತೆ ಇದ್ದ ಎಚ್‌ಪಿ, ಮಾರ್ಕೋನಿ, ರೋಡೆ ಅಂಡ್ ಶ್ವಾರ್ಜ್ ಪೆಟ್ಟಿಗೆಗಳು ವರಾಂಡಕ್ಕೆ ಬಂದವು. ವರಾಂಡದಿಂದ ಹರಾಜಿಗೆ.

ಹರಾಜಿನ ನೋಟೀಸನ್ನು ಒಂದು ಸಾಹಿತ್ಯ ಪ್ರಕಾರವಾಗಿ ಓದಬೇಕೆಂದು ನನ್ನ ಸಲಹೆ. 1964ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಇಂದು ಇಂಥ ಬಹಳಷ್ಟು ವಿಲೇವಾರಿಯನ್ನು ಇ-ಹರಾಜಿನಲ್ಲಿ ಮಾಡಿಸುತ್ತದೆ. ಎಲ್ಲ ಹರಾಜುಗಳ ಪಲ್ಲವಿ ಒಂದೇ: ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ. ಕಾನೂನಿನ ಮಟ್ಟಿಗೆ ಇದು ಪ್ರಾಮಾಣಿಕ ಮಾತು, ನಮಗೆ ಗೊತ್ತಿಲ್ಲ, ಹೊಣೆಯೂ ನಮ್ಮದಲ್ಲ ಅನ್ನುತ್ತದೆ. ಆದರೆ ಹತ್ತು ಮುರುಕು ಕುರ್ಚಿ, ಕೆಟ್ಟ ಯುಪಿಎಸ್, ಪ್ರಿಂಟರುಗಳ ನಡುವೆ ‘ಎಲೆಕ್ಟ್ರಾನಿಕ್ ಸ್ಕ್ರ್ಯಾಪ್, ಒಂದು ಲಾಟ್’ ಎಂಬ ಸಾಲಿನೊಳಗೆ ಸಿಗ್ನಲ್ ಜನರೇಟರ್ ಹೋಗಿಬಿಟ್ಟರೆ ಅದರ ಹೆಸರು ಅಲ್ಲಿಗೇ ಮುಗಿಯಿತು. ಮುಂದೆ ಅದಕ್ಕೆ ತೂಕ ಒಂದೇ ಉಳಿಯುತ್ತದೆ.

ಇನ್ನೂ ಒಂದು ಅನ್ಯಾಯ ಇದರ ಜೊತೆಗೇ ನಡೆಯುತ್ತದೆ. ಆ ಕಾಲದ ಎಚ್‌ಪಿ ಉಪಕರಣದೊಂದಿಗೆ ಬರುತ್ತಿದ್ದ ಸರ್ವಿಸ್ ಮ್ಯಾನ್ಯುಅಲ್ ಅಂದರೆ ದಪ್ಪ ಗ್ರಂಥ. ಪ್ರತಿ ಬೋರ್ಡಿನ ನಕ್ಷೆ, ಅದು ಕೆಲಸ ಮಾಡುವ ತತ್ವ, ಎಲ್ಲಿ ಎಷ್ಟು ವೋಲ್ಟೇಜ್ ಇರಬೇಕು, ಇಲ್ಲದಿದ್ದರೆ ಯಾವ ಕಡೆ ಹುಡುಕಬೇಕು, ಎಲ್ಲ ಉಂಟು. ಕಚೇರಿ ಖಾಲಿ ಮಾಡುವಾಗ ಪೆಟ್ಟಿಗೆ ಭಂಗಾರದವನಿಗೆ ಹೋಗುತ್ತದೆ, ಗ್ರಂಥ ರದ್ದಿಯವನಿಗೆ. ಇಬ್ಬರೂ ಕಿಲೋ ಲೆಕ್ಕದವರೇ, ಆದರೆ ಬೇರೆ ಬೇರೆ ಓಣಿಯವರು. ಆಮೇಲೆ ಆ ಎರಡೂ ಮತ್ತೆ ಕೂಡುವುದು ಕಂಡಿಲ್ಲ. ಪುಣ್ಯಕ್ಕೆ ಬಹಳಷ್ಟು ಮ್ಯಾನ್ಯುಅಲ್‌ಗಳನ್ನು ಹವ್ಯಾಸಿಗಳು ಸ್ಕ್ಯಾನ್ ಮಾಡಿ ಉಳಿಸಿಕೊಂಡಿದ್ದಾರೆ.

ಬೆಂಗಳೂರಿನ ಕಡೆ ಗುಜರಿ ಅನ್ನುವುದನ್ನು ನಾವು ಭಂಗಾರ ಅನ್ನುತ್ತೇವೆ. ಭಂಗಾರಕ್ಕೂ ಬಂಗಾರಕ್ಕೂ ಒಂದು ಮಹಾಪ್ರಾಣದ ಅಂತರ. ಈ ವ್ಯಾಪಾರದಲ್ಲಿ ಅಷ್ಟೂ ಉಳಿದಿಲ್ಲ. ಎಪ್ಪತ್ತು ಎಂಬತ್ತರ ದಶಕದ ಅಳತೆ ಉಪಕರಣಗಳ ಬೋರ್ಡುಗಳಿಗೆ, ಕನೆಕ್ಟರುಗಳಿಗೆ ನಿಜವಾದ ಚಿನ್ನದ ಲೇಪ ಇರುತ್ತಿತ್ತು. ಅದನ್ನು ಆಸಿಡ್‌ನಲ್ಲಿ ಕರಗಿಸಿ ತೆಗೆಯುವವರು ಇದ್ದಾರೆ. ಕೈಯ ಚರ್ಮ, ಮೋರಿಯ ನೀರು ಎರಡನ್ನೂ ಸುಟ್ಟು ಸಿಗುವ ಚಿನ್ನ ಕಡಿಮೆ, ಆದರೆ ಅದು ಇಂದೇ ಸಿಗುತ್ತದೆ. ಉಪಕರಣವನ್ನು ಉಪಕರಣವಾಗಿ ಕೊಳ್ಳುವ ಗಿರಾಕಿ ಬರುವುದು ಆರು ತಿಂಗಳ ಮೇಲೆ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಗೋದಾಮಿನ ಬಾಡಿಗೆ ಕಟ್ಟುವ ಮನುಷ್ಯನನ್ನು ಇಲ್ಲಿ ಬೈಯುವುದು ಸುಲಭ. ನನಗೆ ಆ ಸುಲಭ ಬೇಡ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಒಡೆದು ಲೋಹ ತೆಗೆಯುವ ಮರುಬಳಕೆದಾರನ ಜೊತೆಗೆ, ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವವನಿಗೂ ಒಂದು ಹೆಸರು, ಒಂದು ನೋಂದಣಿ ಇದೆ. ಕಾಗದದ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದಾರೆ. ಆದರೆ ಲಾಟ್‌ನಲ್ಲಿ ಏನಿದೆ ಎಂದು ಬರೆಯದ ಹರಾಜಿಗೆ ರಿಪೇರಿಯವನು ಯಾವ ಧೈರ್ಯದಲ್ಲಿ ಬರಬೇಕು? ತೂಕ ನೋಡಿ ಕೊಳ್ಳುವವನೇ ಗೆಲ್ಲುತ್ತಾನೆ.

ಭಂಗಾರ ಆಗದೆ ಉಳಿದದ್ದು ಅಂಗಡಿ ಸೇರುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನ ಖ್ಯಾತಿ ಎಲ್ಲರಿಗೂ ಗೊತ್ತು. 1948ರ ಟೆಲಿಫೋನ್ ಕಾರ್ಖಾನೆ ಐಟಿಐ, 1954ರ ಬಿಇಎಲ್, ಆಮೇಲೆ ಬಾಹ್ಯಾಕಾಶ, ರಕ್ಷಣಾ ಪ್ರಯೋಗಾಲಯಗಳು ಬಂದ ಊರಿನಲ್ಲಿ ಹಳೆಯ ಅಳತೆ ಸಾಮಾನಿಗೆ ಬರವಿಲ್ಲ. ನಮಗೆ ಮಾತ್ರ ಹೈದರಾಬಾದೇ ಹತ್ತಿರ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹಾಸಿದ್ದು 1874ರಲ್ಲಿ; ಅಂದಿನಿಂದ ನಮ್ಮವರ ಮದುವೆ ಬಟ್ಟೆ, ದವಾಖಾನೆ, ಬಿಡಿಭಾಗ ಎಲ್ಲಕ್ಕೂ ಆ ದಾರಿಯೇ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಹುಡುಕುತ್ತ ನಿಂತರೆ ಪಕ್ಕದಲ್ಲಿ ಸೇಡಂನವನೋ ಚಿತ್ತಾಪುರದವನೋ ಒಬ್ಬ ಕನ್ನಡ ಮಾತಾಡುತ್ತ ಸಿಗುತ್ತಾನೆ.

ನಾನೂ ಹೈದರಾಬಾದಿನ ಒಂದು ಅಂಗಡಿಯಲ್ಲಿ ಎಚ್‌ಪಿ 8640ಬಿ ಸಿಗ್ನಲ್ ಜನರೇಟರ್ ಕೊಂಡೆ. ಆ ಮಾದರಿಯ ಮೇಲೆ ನನಗೆ ಮೊದಲಿಂದ ಮೋಹ. 500 ಕಿಲೋಹರ್ಟ್ಸ್‌ನಿಂದ 512 ಮೆಗಾಹರ್ಟ್ಸ್‌ವರೆಗೆ, ಗುಂಡಿ ತಿರುಗಿಸಿ ಲೋಹದ ಕೊಳವೆಯಂಥ ಕ್ಯಾವಿಟಿಯೊಂದನ್ನು ಶ್ರುತಿ ಮಾಡುವ ಯಂತ್ರ ಅದು. ಅದರ ಸಂಕೇತ ಎಷ್ಟು ಶುಭ್ರ ಅಂದರೆ, ಅದಕ್ಕಿಂತ ಎಷ್ಟೋ ಹೊಸ ಡಿಜಿಟಲ್ ಪೆಟ್ಟಿಗೆಗಳನ್ನು ಬದಿಗಿಟ್ಟು ರಿಸೀವರ್ ಪರೀಕ್ಷೆಗೆ ಇದನ್ನೇ ಹುಡುಕುವವರು ಇನ್ನೂ ಇದ್ದಾರೆ. ತಂಬೂರಿ ಮೀಟಿದ ಮೇಲೆ ಪಕ್ಕದಲ್ಲಿ ಜಿರಳೆ ಹರಿದಾಡುವ ಸದ್ದು ಇರಬಾರದಲ್ಲ, ಆ ಶುಭ್ರತೆ. ಅಂಗಡಿಯವನು ಪ್ಲಗ್ ಹಾಕಿದ, ಅಂಕಿ ಹೊಳೆದವು, ಚಾಲೂ ಅದ ಅಂದ. ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರ ದಾಟಿ ವಾಡಿಯವರೆಗೆ ಅದನ್ನು ಸೀಟಿನ ಕೆಳಗೆ ಕಾಲಲ್ಲಿ ಒತ್ತಿ ಹಿಡಿದು ತಂದೆ.

ಮನೆಯಲ್ಲಿ ರಿಸೀವರಿಗೆ ಜೋಡಿಸಿದಾಗ ಸತ್ಯ ಹೊರಬಿತ್ತು. ಈ ಯಂತ್ರದ ಔಟ್‌ಪುಟ್ಟಿಗೆ ಬಲ ತಗ್ಗಿಸುವ ಅಟೆನ್ಯುಯೇಟರ್ ಇದೆ, ಅದರಲ್ಲಿ ಹತ್ತು ಹತ್ತು ಡೆಸಿಬಲ್‌ನ ಮೆಟ್ಟಿಲುಗಳಿವೆ; ಒಂದು ಮೆಟ್ಟಿಲು ಇಳಿದರೆ ಬಲ ಹತ್ತನೇ ಒಂದು ಪಾಲಿಗೆ ಇಳಿಯಬೇಕು. ನನ್ನದರಲ್ಲಿ ಎರಡು ಮೆಟ್ಟಿಲು ನೆಟ್ಟಗೆ ಇಳಿದು, ಮೂರನೆಯದಕ್ಕೆ ಸಂಕೇತವೇ ಮಾಯ. ಹೀಗಾಗುವ ಬಗೆ ಈ ಕೆಲಸದವರಿಗೆಲ್ಲ ಗೊತ್ತು. ಯಾರೋ ಒಂದು ವಾಕಿಟಾಕಿ ಸೆಟ್ಟನ್ನು ಇದಕ್ಕೆ ಜೋಡಿಸಿ ರಿಪೇರಿ ಮಾಡುತ್ತಿದ್ದಾಗ ಕೈ ತಪ್ಪಿ ಮಾತಾಡುವ ಗುಂಡಿ ಒತ್ತಿದ್ದಾರೆ. ವಾಟುಗಟ್ಟಲೆ ಶಕ್ತಿ ಹಿಮ್ಮುಖವಾಗಿ ನುಗ್ಗಿ ಒಳಗಿನ ಸಣ್ಣ ರೆಸಿಸ್ಟರನ್ನು ಸುಟ್ಟಿದೆ. ಈ ಅಪಘಾತ ಎಷ್ಟು ಮಾಮೂಲಾಗಿತ್ತು ಅಂದರೆ ಎಚ್‌ಪಿಯವರು ಅದರಿಂದ ಕಾಪಾಡುವ ವ್ಯವಸ್ಥೆಯನ್ನೇ ‘ಆಪ್ಷನ್ 003’ ಎಂದು ಪ್ರತ್ಯೇಕವಾಗಿ ಮಾರುತ್ತಿದ್ದರು. ಮುಂಭಾಗದ ಲೈಟಿಗೂ ಈ ಸುಟ್ಟ ರೆಸಿಸ್ಟರಿಗೂ ಯಾವ ಸಂಬಂಧವೂ ಇಲ್ಲ. ಲೈಟು ಹತ್ತುತ್ತದೆ. ಹತ್ತುತ್ತಲೇ ಇರುತ್ತದೆ.

ಅಂಗಡಿಯವನಿಗೆ ಇದು ಗೊತ್ತಿತ್ತೆ? ಇರಲಿಲ್ಲ ಅಂತಲೇ ನನ್ನ ನಂಬಿಕೆ. ಅವನು ಮೋಸ ಮಾಡಲಿಲ್ಲ. ತನಗೆ ಗೊತ್ತಿರುವುದು ಎಲ್ಲಿಯವರೆಗೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸ್ಪೆಕ್ಟ್ರಮ್ ಅನಲೈಸರಿನ ಕಥೆ ಇನ್ನೂ ಸೂಕ್ಷ್ಮ. ಅದರ ಬಾಗಿಲಲ್ಲೇ ಮಿಕ್ಸರ್ ಎಂಬ ನಾಜೂಕಾದ ಭಾಗ ಇರುತ್ತದೆ. ಮಿತಿ ಮೀರಿದ ಬಲ ಒಮ್ಮೆ ಒಳಗೆ ಹೋದರೆ ಅದು ಪೂರ್ತಿ ಸಾಯುವುದಿಲ್ಲ, ಕಿವುಡಾಗುತ್ತದೆ. ಪರದೆಯಲ್ಲಿ ಗೆರೆ ಓಡುತ್ತದೆ, ಹತ್ತಿರದ ಎಫ್‌ಎಂ ಸ್ಟೇಷನ್ನಿನ ಗುಡ್ಡವೂ ಕಾಣುತ್ತದೆ. ಇಪ್ಪತ್ತು ಮೂವತ್ತು ಡೆಸಿಬಲ್ ಕಡಿಮೆ ಕಾಣುತ್ತದೆ, ಅಷ್ಟೇ. ಮೂವತ್ತು ಡೆಸಿಬಲ್ ಅಂದರೆ ಸಾವಿರದಲ್ಲಿ ಒಂದು ಪಾಲು. ಕಿಲೋ ಬೆಲ್ಲ ತೂಗಿದರೆ ಒಂದು ಗ್ರಾಂ ತೋರಿಸುವ ತಕ್ಕಡಿ. ಪವರ್ ಮೀಟರ್‌ಗಳನ್ನು ಮಾರುವವರಂತೂ ಮುಖ್ಯ ಪೆಟ್ಟಿಗೆಯ ಫೋಟೋ ಹಾಕಿ ಸೆನ್ಸರ್ ವಿಷಯ ಎತ್ತುವುದೇ ಇಲ್ಲ. ಅಳೆಯುವುದು ಸೆನ್ಸರ್, ಪೆಟ್ಟಿಗೆ ಬರಿಯ ಮುಳ್ಳು. ಎಚ್‌ಪಿ 478ಎ ಥರ್ಮಿಸ್ಟರ್ ಸೆನ್ಸರ್ ತಾಳುವ ಸರಾಸರಿ ಬಲ ಹೆಚ್ಚೆಂದರೆ 30 ಮಿಲಿವಾಟ್. ಕೈಯಲ್ಲಿ ಹಿಡಿಯುವ ಐದು ವಾಟಿನ ವಾಕಿಟಾಕಿ ಅದಕ್ಕೆ ಸಿಡಿಲು.

ಪರೀಕ್ಷೆ ಮಾಡಿಕೊಡಲು ನಮ್ಮ ಹತ್ತಿರ ಲ್ಯಾಬ್ ಎಲ್ಲಿದೆ ಎನ್ನುವುದು ಮಾರುವವರ ಖಾಯಂ ಉತ್ತರ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಹಳೆಯ ಉಪಕರಣ ಮಾಡಿದವರು ಪರೀಕ್ಷೆಯನ್ನು ಅದರ ಮುಖದ ಮೇಲೇ ಇಟ್ಟು ಹೋಗಿದ್ದಾರೆ. ಎಚ್‌ಪಿ 141ಟಿ ಸರಣಿಯ ಅನಲೈಸರಿನ ಮುಂಭಾಗದಲ್ಲಿ 30 ಮೆಗಾಹರ್ಟ್ಸ್, ಮೈನಸ್ 30 ಡಿಬಿಎಂ ಬಲದ ಒಂದು ಸಂಕೇತ ಹೊರಬರುವ ಕಿಂಡಿ ಇದೆ. ಒಂದು ಗೇಣು ಕೇಬಲ್‌ನಿಂದ ಅದನ್ನು ಒಳದಾರಿಗೆ ಸೇರಿಸಿದರೆ ಪರದೆಯ ಮೇಲೆ ಎಷ್ಟು ಎತ್ತರದ ಗುಡ್ಡ ಏಳಬೇಕೋ ಏಳಬೇಕು. 435, 436 ಮಾದರಿಯ ಪವರ್ ಮೀಟರ್‌ಗಳ ಮುಖದಲ್ಲಿ 50 ಮೆಗಾಹರ್ಟ್ಸ್‌ನ ನಿಖರ ಒಂದು ಮಿಲಿವಾಟ್ ಇದೆ. ಸೆನ್ಸರನ್ನು ಅಲ್ಲಿ ಚುಚ್ಚಿದರೆ ಮೀಟರ್ ಒಂದನ್ನು ತೋರಿಸಬೇಕು. ಎರಡು ನಿಮಿಷದ ಕೆಲಸ, ಒಂದು ಫೋಟೋ. ಮಾರಾಟಕ್ಕೆಂದು ಹಾಕಿದ ಚಿತ್ರಗಳಲ್ಲಿ ಇಂಥದು ಕಾಣುವುದು ಅಪರೂಪ. ಕಾಣುವುದು ಒರೆಸಿ ಹೊಳೆಯಿಸಿದ ಮುಖಫಲಕ, ಅದರ ಮೇಲೆ ಫ್ಲ್ಯಾಷಿನ ಪ್ರತಿಬಿಂಬ.

ಲೈಟು ಹತ್ತಿಸಿ ತೋರಿಸುವುದೇ ಕೆಲವು ಸಲ ಅಪಾಯ ಎಂಬುದನ್ನೂ ಹೇಳಬೇಕು. ವರ್ಷಗಟ್ಟಲೆ ಗೋದಾಮಿನಲ್ಲಿ ತೇವ ಕುಡಿದ ಪೆಟ್ಟಿಗೆಗೆ ಗಿರಾಕಿಯ ಎದುರು ಏಕಾಏಕಿ 230 ವೋಲ್ಟ್ ಕೊಟ್ಟರೆ, ಕರೆಂಟು ಒಳಬರುವ ಜಾಗದ ರಿಫಾ ಕಂಪನಿಯ ಕಾಗದದ ಕೆಪಾಸಿಟರ್ ಹತ್ತು ನಿಮಿಷದಲ್ಲಿ ಢಬ್ ಅಂದು ಕೊಳೆತ ಮೀನಿನಂಥ ನಾತದ ಹೊಗೆ ಉಗುಳುತ್ತದೆ. ಅದರ ಹೊರಕವಚ ಹಳೆಯದಾದಂತೆ ಬಿರಿದು ತೇವ ಒಳಗೆ ಇಳಿದಿರುತ್ತದೆ. ಅಮೆರಿಕದಿಂದ ಬಂದ ಪೆಟ್ಟಿಗೆಯಾದರೆ ಹಿಂಭಾಗದ ವೋಲ್ಟೇಜ್ ಆರಿಸುವ ಚೀಟಿ 120ರಲ್ಲೇ ಉಳಿದಿರಬಹುದು, ಫ್ಯೂಸ್ ಹೋಗುತ್ತದೆ. ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಮತ್ತೆ ಹಾಕುವ ಮಹಾನುಭಾವರನ್ನು ಕಂಡಿದ್ದೇನೆ. ಆಗ ಫ್ಯೂಸ್ ಉಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಇನ್ನು ಕ್ಯಾಲಿಬ್ರೇಶನ್ ಚೀಟಿ. ಪೆಟ್ಟಿಗೆಯ ಮೂಲೆಯಲ್ಲಿ ಹಸಿರು ಅಂಟುಚೀಟಿ ಇದ್ದರೆ ಮಾರುವವನ ಬೆರಳು ಅದರ ಮೇಲೇ ನಿಲ್ಲುತ್ತದೆ. ಆ ಚೀಟಿಗೆ ಬೆಲೆ ಇರುವುದು ತಾರೀಖಿನವರೆಗೆ ಮಾತ್ರ, ಅದೂ ಹಾಕಿದ ಲ್ಯಾಬಿನ ವರದಿ ಜೊತೆಗಿದ್ದರೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಟಿಡಿಸಿಯಂಥ ಸರ್ಕಾರಿ ಪರೀಕ್ಷಾಲಯ ಅಂಕಿಅಂಶ ಬರೆದ ವರದಿ ಕೊಡುತ್ತದೆ: ಇಷ್ಟು ಇರಬೇಕಿತ್ತು, ಇಷ್ಟು ಕಂಡಿತು, ಅನಿಶ್ಚಿತತೆ ಇಷ್ಟು. ಹದಿನೈದು ವರ್ಷ ಹಿಂದಿನ ಚೀಟಿ ತೋರಿಸಿ ಮಾರುವುದು ಅಜ್ಜನ ರೇಷನ್ ಕಾರ್ಡು ತೋರಿಸಿ ಮೊಮ್ಮಗನ ವಯಸ್ಸು ಹೇಳಿದ ಹಾಗೆ. ವಯಸ್ಸು ತಿಳಿಯಬೇಕೆಂದರೆ ಎಚ್‌ಪಿ ಪೆಟ್ಟಿಗೆಯಲ್ಲಿ ಬೇರೆ ದಾರಿ ಇದೆ. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಗೆ 1960 ಕೂಡಿಸಿದರೆ ವರ್ಷ, ಮುಂದಿನ ಎರಡು ಅಂಕಿ ವಾರ. 2147ಎ ಅಂತಿದ್ದರೆ 1981ರ 47ನೇ ವಾರ. ಅದು ತಯಾರಾದ ದಿನವಲ್ಲ, ಆ ವಿನ್ಯಾಸದಲ್ಲಿ ಕಡೆಯ ಬದಲಾವಣೆ ಆದ ದಿನ. ಆದರೂ ಮಾರುವವನ ಬಾಯಿಮಾತಿಗಿಂತ ಗಟ್ಟಿ.

‘ವಿಂಟೇಜ್’ ಎಂಬ ಪದ ಹಳೆ ಸಾಮಾನಿಗೆ ಹಚ್ಚುವ ಹೊಸ ಬಣ್ಣ. ಗ್ರಾಮಫೋನಿಗೆ, ಗೋಡೆ ಗಡಿಯಾರಕ್ಕೆ ಅದು ಒಪ್ಪುತ್ತದೆ. ಅವನ್ನು ನೋಡಲಿಕ್ಕೆ ಇಟ್ಟುಕೊಳ್ಳುತ್ತಾರೆ. ಅಳತೆಯ ಉಪಕರಣಕ್ಕೆ ‘ವಿಂಟೇಜ್’, ‘ರೇರ್’, ‘ಮಿಲಿಟರಿ’ ಎಂಬ ಮೂರು ಪದ ಅಂಟಿಸಿದರೆ ಬೆಲೆ ಏರುತ್ತದೆ, ಹೊಣೆ ಇಳಿಯುತ್ತದೆ. ಅಲಂಕಾರದ ವಸ್ತು ಕೆಲಸ ಮಾಡದಿದ್ದರೆ ಯಾರು ಕೇಳುತ್ತಾರೆ? ಇದಕ್ಕೆ ಎದುರಾಗಿ ‘8640ಬಿ, ಆಪ್ಷನ್ 002 ಇದೆ’ ಎಂದು ಬರೆದ ಒಂದು ಒಣಕಲು ಸಾಲು ನನಗೆ ಹೆಚ್ಚು ಇಷ್ಟ. 002 ಇದ್ದರೆ ಆ ಯಂತ್ರ 1024 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ, ಇಲ್ಲದಿದ್ದರೆ 512ಕ್ಕೇ ನಿಲ್ಲುತ್ತದೆ. ನಮ್ಮ ಹಳ್ಳಿಗಳಿಗೆ ಆಕಾಶದಿಂದ ಇಳಿದ ಆ 860 ಮೆಗಾಹರ್ಟ್ಸ್ ಸಂಕೇತವನ್ನು ಮರುಸೃಷ್ಟಿ ಮಾಡಿ ನೋಡಬೇಕೆಂಬ ಹುಚ್ಚು ನನ್ನಂಥ ಯಾರಿಗಾದರೂ ಇದ್ದರೆ, ಇಡೀ ಖರೀದಿ ಆ ಮೂರು ಅಂಕಿಯ ಮೇಲೆ ನಿಂತಿದೆ.

ಕೊಳ್ಳುವವರ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಪರೀಕ್ಷಿಸಿ, ದೋಷ ಬರೆದು, ಆ ಶ್ರಮಕ್ಕೆ ಎರಡು ಪಟ್ಟು ಬೆಲೆ ಹೇಳುವ ಅಂಗಡಿಯಿಂದ ನಾವು ‘ಅಲ್ಲಿ ಅರ್ಧಕ್ಕೆ ಸಿಗ್ತದ’ ಅಂತ ಎದ್ದು ಬರುತ್ತೇವೆ. ಅರ್ಧಕ್ಕೆ ತಂದು ಮೂರು ತಿಂಗಳು ಬೈಯುತ್ತೇವೆ. 50 ಓಮ್‌ನ ಕನೆಕ್ಟರನ್ನು ಕೇಬಲ್ ಟೀವಿಯ 75 ಓಮ್ ಬಾಯಿಗೆ ಬಲವಂತವಾಗಿ ತುರುಕಿ ಅದರ ಸಣ್ಣ ಬಾಯಿ ಅಗಲಿಸಿ, ಬಂದಾಗಲೇ ಹೀಗಿತ್ತು ಅನ್ನುತ್ತೇವೆ. ಹೀಗೆ ಎರಡು ಸಲ ಕೈ ಸುಟ್ಟುಕೊಂಡ ಅಂಗಡಿಯವನು ಮೂರನೇ ಸಲ ‘ಇದ್ದ ಹಂಗ ಅದ, ಬೇಕಾದ್ರ ತಗೋರಿ’ ಅಂದರೆ ಆ ಬಿರುಸಿನಲ್ಲಿ ನಮ್ಮ ಪಾಲೂ ಇದೆ.

ನಮ್ಮೂರಿನ ಫರಸಿಕಲ್ಲಿನ ವ್ಯಾಪಾರ ಈ ವಿಷಯದಲ್ಲಿ ನನ್ನ ಅಳತೆಗೋಲು. ಇಲ್ಲಿಯ ಸುಣ್ಣಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಮುಂಬಯಿಯಿಂದ ಹೈದರಾಬಾದಿನವರೆಗೆ ಎಷ್ಟು ಮನೆಗಳ ನೆಲ ಈ ಕಲ್ಲು ಎಂದು ಲೆಕ್ಕ ಇಟ್ಟವರಿಲ್ಲ. ಖಣಿಯ ಹತ್ತಿರ ಕಲ್ಲು ಆರಿಸಲು ಹೋದವರು ಎರಡು ಕೆಲಸ ಮಾಡುತ್ತಾರೆ. ಬೆರಳ ಗೆಣ್ಣಿನಿಂದಲೋ ಸಣ್ಣ ಸುತ್ತಿಗೆಯಿಂದಲೋ ಬಡಿದು ಸದ್ದು ಕೇಳುತ್ತಾರೆ. ಗಟ್ಟಿ ಕಲ್ಲು ಕಂಚಿನಂತೆ ಖಣಖಣ ಅನ್ನುತ್ತದೆ, ಒಳಗೆ ಸೀಳಿದ್ದರೆ ಬೊದ್ದು ಸದ್ದು. ಆಮೇಲೆ ಮೇಲೆ ನೀರು ಚೆಲ್ಲಿ ಸುಮ್ಮನೆ ನಿಲ್ಲುತ್ತಾರೆ. ಕಲ್ಲು ಆರುತ್ತ ಬಂದಂತೆ ಬಿರುಕಿನಲ್ಲಿ ನೀರು ಉಳಿದು ಕೂದಲೆಳೆಯಷ್ಟು ಕಪ್ಪು ಗೆರೆ ಎದ್ದು ಕಾಣುತ್ತದೆ. ಬಿರುಕಿನ ಕಲ್ಲನ್ನೂ ಮಾರುತ್ತಾರೆ, ಬಿರುಕಿನ ಬೆಲೆಗೆ. ಅಂಗಳಕ್ಕೆ, ಹಿತ್ತಲಿಗೆ ಅದು ಸಾಕು. ಇಲ್ಲಿಯೂ ಮೋಸ ಇಲ್ಲವೆಂದಲ್ಲ. ಆದರೆ ನೀರು ಚೆಲ್ಲಿ ನೋಡುವುದಕ್ಕೆ ಯಾವ ವ್ಯಾಪಾರಿಯೂ ಮುಖ ಗಂಟು ಹಾಕುವುದಿಲ್ಲ, ಬಕೀಟು ಅಲ್ಲೇ ಇಟ್ಟಿರುತ್ತಾನೆ. ಹಳೆಯ ರೇಡಿಯೋ ಉಪಕರಣದ ಅಂಗಡಿಯಲ್ಲಿ ಆ ಬಕೀಟು ಇಲ್ಲ. ಇರಬೇಕಾದದ್ದು ಎರಡು ಕೇಬಲ್, ಒಂದು ಮೆಟ್ಟಿಲಿನ ಅಟೆನ್ಯುಯೇಟರ್, ಒಂದು 50 ಓಮ್ ಲೋಡ್. ನಾಲ್ಕು ಪೆಟ್ಟಿಗೆ ಒಟ್ಟಿಗಿದ್ದರೆ ಒಂದರಿಂದ ಇನ್ನೊಂದನ್ನು ನೋಡಬಹುದು. ಜನರೇಟರನ್ನು ಅನಲೈಸರಿಗೆ, ಅನಲೈಸರನ್ನು ಕೌಂಟರಿಗೆ ಎದುರುಬದುರು ನಿಲ್ಲಿಸಿದರೆ ಅವೇ ಒಂದರ ಚಾಡಿ ಇನ್ನೊಂದು ಹೇಳುತ್ತವೆ.

ಈಗ ನನ್ನ ಸರದಿ ಬಂದಿದೆ. ಆ 8640ಬಿಗೆ ಸತ್ತ ಇನ್ನೊಂದು ಪೆಟ್ಟಿಗೆಯಿಂದ ಅಟೆನ್ಯುಯೇಟರ್ ತೆಗೆದು ಹಾಕಿದೆ. ಒಳಗಿನ ಪ್ಲಾಸ್ಟಿಕ್ ಗಿಯರು ಬಿರಿದಿದ್ದವು. ಈ ಮಾದರಿಗೆ ಅದು ಹುಟ್ಟುರೋಗ, ಹಿತ್ತಾಳೆಯ ಗಿಯರು ಮಾಡಿ ಹಾಕಿಕೊಳ್ಳುತ್ತಾರೆ, ನಾನೂ ಹಾಕಿದೆ. ಕಣ್ಣು ಮಂಜಾಗುತ್ತಿದೆ, ಇಪ್ಪತ್ತು ಕಿಲೋ ಎತ್ತಲು ಬೆನ್ನು ಒಪ್ಪುತ್ತಿಲ್ಲ. ಮಾರಬೇಕು. ಚೀಟಿ ಬರೆಯಲು ಕೂತಾಗ ಕೈ ತಾನಾಗಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆಯಿತು. ಹೊಡೆದು ಹಾಕಿದೆ. ಎರಡನೇ ಸಲ ಬರೆದದ್ದು ಒಂದು ಪುಟ ಆಯಿತು: 512ರವರೆಗೆ ಎಲ್ಲ ಬ್ಯಾಂಡ್ ಕೌಂಟರಿನಲ್ಲಿ ನೋಡಿದೆ, ಆಪ್ಷನ್ 002, 003 ಇಲ್ಲ, ಅಟೆನ್ಯುಯೇಟರ್ ಬೇರೆ ಪೆಟ್ಟಿಗೆಯದು, ಗಿಯರು ಹಿತ್ತಾಳೆಯದು, ಎಡಗಡೆ ಹಿಡಿಕೆಯ ಪಟ್ಟಿ ಹರಿದಿದೆ. ಇಷ್ಟು ದೋಷ ಒಟ್ಟಿಗೆ ಓದಿದರೆ ನಾನೇ ಕೊಳ್ಳಲಾರೆ ಅನ್ನಿಸಿತು. ಎರಡು ತಿಂಗಳು ಯಾರೂ ಕೇಳಲಿಲ್ಲ. ಒಬ್ಬ ಫೋನ್ ಮಾಡಿ ತೂಕ ಮಾತ್ರ ಕೇಳಿ ಇಟ್ಟುಬಿಟ್ಟ.

ಮೊನ್ನೆ ಬೀದರ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ಚಾಲೂ ಅದ ಏನ್ರಿ ಅಂತ ಕೇಳಲಿಲ್ಲ.

“ಕಾಕಾ, ಅಟೆನ್ಯುಯೇಟರ್ ಬ್ಯಾರೆದು ಅಂತ ಬರದೀರಲ್ಲ, ಎಲ್ಲಾ ಮೆಟ್ಟಿಲಾ ನೋಡೀರೇನ್ರಿ?”

“ಕಡೀಕಿನ ಎರಡು ನೋಡಿಲ್ಲಪಾ. ಅಷ್ಟು ಸಣ್ಣ ಸಿಗ್ನಲ್ ಅಳಿಯೋದು ನನ್ನ ಹತ್ರ ಇಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ನನ್ನ ಹತ್ರ ಅದ ರಿ. ಆಯಿತವಾರ ತಗೊಂಡ ಬರ್ತೀನಿ, ಕೂಡಿ ನೋಡೋಣಂತ.”